ಚಿಲ್ಲರೆ ಮೇಜಿನ ತಟಾಂಗು

ನಮ್ಮೂರಿನ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಈ ವರ್ಷ ಒಂದು ಹೊಸ ಪಿಂಗಾಣಿ ಲೋಟ ಬಂದಿದೆ. ಅದರ ಮೇಲೆ ದಪ್ಪಕ್ಷರದಲ್ಲಿ 'ಗಿಮಟಿ' ಎಂದಿದೆ. ಕೆಳಗೆ ಸಣ್ಣಕ್ಷರದಲ್ಲಿ 'ಇಲ್ಲದ ರಗಳೆ' ಎಂದು ಅರ್ಥ. ಇನ್ನೊಂದರ ಮೇಲೆ 'ಉಬ್ಬಣ್ಣ', ಅಂದರೆ ಜಂಬದವನು. ಮೂರನೆಯದರ ಮೇಲೆ 'ತಟಾಂಗು': ಕೆಲಸದ ನಡುವೆ ಕಾಲು ಚಾಚಿ ಕೂರುವ ಪುಟ್ಟ ಬಿಡುವು. ಊರು ನೋಡಲು ಬಂದವರು ಇವನ್ನು ಕೊಂಡು, ಹಳೆ ಪೇಪರಿನಲ್ಲಿ ಸುತ್ತಿಸಿಕೊಂಡು, ನಮ್ಮ ನಾಲಿಗೆಯನ್ನೇ ಚೀಲಕ್ಕೆ ಹಾಕಿಕೊಂಡೆವೆಂಬ ಸಮಾಧಾನದಲ್ಲಿ ಹೊರಡುತ್ತಾರೆ. ಇಲ್ಲಿ ಯಾರಾದರೂ ನಿಜವಾಗಿ ಹೀಗೆ ಮಾತಾಡುತ್ತಾರೆಯೇ ಎಂದು ಕೇಳಿದವರಿಲ್ಲ. ಮೊನ್ನೆ ರೇಡಿಯೋದವರು ಕೇಳಿದರು. ಕೇಳಿದ್ದು ತಪ್ಪಲ್ಲ. ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡು ಕೇಳಿದರಲ್ಲ, ಅದು ತಪ್ಪು. ಆ ಪ್ರಶ್ನೆ ಒಬ್ಬ ಹೆಂಗಸಿನ ನಿದ್ದೆ ಕೆಡಿಸಿತು. ಅವಳ ಕಥೆ ಇದು.

ಹಳೆ ಸೇತುವೆ ದಾಟಿದ ಮೇಲೆ ಎಡಕ್ಕೆ, ತಗಡಿನ ಚಾವಣಿಯ ಉದ್ದನೆಯ ಕಟ್ಟಡವೊಂದಿದೆ. ಅದು ಲಾಂಡ್ರಿ. ಊರಿನ ಲಾಡ್ಜುಗಳ ಹಾಸು, ಹೊದಿಕೆ, ಟವೆಲುಗಳೆಲ್ಲ ಅಲ್ಲಿಗೇ ಬರುತ್ತವೆ. ಲಾಡ್ಜಿನ ಗರಿಗರಿ ಹಾಸಿನ ಮೇಲೆ ದೊಪ್ಪನೆ ಬೀಳುವ ಪುಣ್ಯಾತ್ಮರಿಗೆ, ಅದನ್ನು ಗರಿಗರಿ ಮಾಡಿದವರು ದಿನವಿಡೀ ನಿಂತೇ ಇರುತ್ತಾರೆಂಬುದು ಗೊತ್ತಿರುವುದಿಲ್ಲ. ಒಳಗೆ ಕುರ್ಚಿಯಿಲ್ಲ. ಕುರ್ಚಿಯಿದ್ದರೆ ಕೂರುತ್ತಾರೆ ಎನ್ನುವುದು ಯಜಮಾನನ ವಾದ. ಇದಕ್ಕಿಂತ ಸೊಗಸಾದ ತರ್ಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೊಡ್ಡ ಬಟ್ಟೆಗಳೆಲ್ಲ ಒಂದು ಬಿಸಿ ರೋಲರಿನ ಕೆಳಗೆ ಹಾದು ಇಸ್ತ್ರಿಯಾಗಿ ಬರುತ್ತವೆ. ಅಲ್ಲಿ ನಿಲ್ಲುವವಳು ಎಲ್ಲರಿಗೂ ದೊಡ್ಡಮ್ಮ. ಭಾರಿ ಆಳು, ಭಾರಿ ಗಂಟಲು. ರೋಲರಿನ ಸದ್ದಿನ ಮೇಲೂ ಅವಳ ಮಾತು ಕೇಳಿಸುತ್ತದೆ. ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುವವನು ಮಿಷನ್ ಮಾವ. ಕೈಒರೆಸುವ ಚೌಕ, ದಿಂಬಿನ ಕವರು, ಅಡುಗೆಯವರ ಏಪ್ರನ್ನು ಇವೆಲ್ಲ ಸೇರಿ ಚಿಲ್ಲರೆ. ಇವು ಕಳೆದುಹೋಗದಿರಲೆಂದು ಲಾಡ್ಜಿನವರೇ ಬಲೆಚೀಲದಲ್ಲಿ ತುಂಬಿ ಕಳಿಸುತ್ತಾರೆ. ಚೀಲ ಬಿಚ್ಚದೆಯೇ ಒಗೆದು, ಚೀಲ ಬಿಚ್ಚದೆಯೇ ಒಣಗಿಸಿ, ಕೊನೆಗೆ ಮೂಲೆಯ ಒಂದು ಮೇಜಿನ ಮೇಲೆ ಸುರಿಯುತ್ತಾರೆ. ಅದು ಚಿಲ್ಲರೆ ಮೇಜು. ಆ ಮೇಜಿನವಳು ಚಿಲ್ಲರೆ ಅಕ್ಕ.

ಅವಳು ಈ ಊರಿನವಳಲ್ಲ. ಗಂಡ ಲಿಫ್ಟ್ ರಿಪೇರಿಯವನು. ಅವನಿಗೆ ಇಲ್ಲಿ ಕೆಲಸ ಸಿಕ್ಕಿತೆಂದು, ಎತ್ತಿಕೊಳ್ಳುವ ಕೂಸಿನ ಜೊತೆ ಬಂದಳು. ಗಂಡ ಒಳ್ಳೆಯವನೇ, ಆದರೆ ಅವನ ಬಾಯಿಂದ ಮಾತು ಬರುವುದೂ ಕರೆಂಟಿಲ್ಲದಾಗ ಲಿಫ್ಟ್ ಬರುವುದೂ ಒಂದೇ. ಆದ್ದರಿಂದ ಊರಿನ ಮಾತನ್ನು ಮನೆಯಲ್ಲಿ ಕಲಿಯುವ ಹಾಗಿರಲಿಲ್ಲ.

ಲಾಂಡ್ರಿಯಲ್ಲಿ ಮೊದಲ ದಿನ. ಒಂದು ಬಲೆಚೀಲದ ಬಾಯಿ ಬಿಚ್ಚಿಕೊಂಡಿತ್ತು. ಅದಕ್ಕೆ ಹಾಕುವ ದೊಡ್ಡ ಕ್ಲಿಪ್ಪು ಬೇಕಾಯಿತು. ಅವಳು ತನ್ನ ಊರಿನ ಮಾತಿನಲ್ಲಿ ಅದರ ಹೆಸರು ಹೇಳಿ ಕೇಳಿದಳು. ಯಾರಿಗೂ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಿದಳು. ಆಗ ದೊಡ್ಡಮ್ಮ ನಕ್ಕಳು. ದೊಡ್ಡಮ್ಮ ನಕ್ಕರೆ ತಗಡಿನ ಚಾವಣಿಯೂ ನಗುತ್ತದೆ. ಉಳಿದವರೂ ನಕ್ಕರು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ನಕ್ಕವರು ಹತ್ತು ಜನ, ನಗೆಗೀಡಾದವಳು ಒಬ್ಬಳು. ಅವಳು ಬೆರಳು ತೋರಿಸಿ ಕ್ಲಿಪ್ಪು ತೆಗೆದುಕೊಂಡಳು. ಆಮೇಲೆ ಬಾಯಿಗೂ ಅದನ್ನೇ ಹಾಕಿಕೊಂಡಳೆನ್ನಬೇಕು. ಹೂಂ, ಊಹೂಂ, ಬರ್ತೀನಿ. ವಾರಗಟ್ಟಲೆ ಅಷ್ಟೇ.

ಹಾಗಿರುವಾಗ ಒಂದು ದಿನ ಮೇಜಿನ ಮೇಲೆ ಸುರಿದ ಚೀಲದಲ್ಲಿ ಹೊಸ ಕೈಚೌಕಗಳು ಬಂದವು. ದೊಡ್ಡ ಲಾಡ್ಜೊಂದರವು. ಪ್ರತಿಯೊಂದರ ಮೂಲೆಯಲ್ಲೂ ಒಂದು ಮಾತು, ಅದರ ಅರ್ಥ, ಮೇಲೆ 'ನಮ್ಮೂರ ನುಡಿ' ಎಂಬ ತಲೆಬರಹ. ಅವಳು ಓದಿದಳು. ಅಚ್ಚಾದ ಭಾಗ ಒಳಗೆ ಬರುವಂತೆ ಮಡಿಚಿಡಬೇಕೆಂದು ಲಾಡ್ಜಿನವರು ಹೇಳಿದ್ದರಿಂದ, ಅವಳನ್ನು ಬಿಟ್ಟು ಲಾಂಡ್ರಿಯಲ್ಲಿ ಇನ್ನೊಬ್ಬರು ಅದನ್ನು ನೋಡಲೇ ಇಲ್ಲ. ಮಡಿಚುತ್ತ ಮಡಿಚುತ್ತ ತುಟಿಯೊಳಗೇ ಹೇಳಿಕೊಂಡಳು. ಗಿಮಟಿ. ಉಬ್ಬಣ್ಣ. ತಟಾಂಗು. ಸರಿ, ಇಲ್ಲಿನ ಜನ ಹೀಗೆ ಮಾತಾಡುತ್ತಾರೆ. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಒಂದು ಮಧ್ಯಾಹ್ನ ರೋಲರ್ ನಿಂತಿತು. ದೊಡ್ಡಮ್ಮ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಚಿಲ್ಲರೆ ಅಕ್ಕ ಧೈರ್ಯ ಮಾಡಿ, ನೆಲದ ಮೇಲಿದ್ದ ಖಾಲಿ ಚೀಲಗಳ ಗುಡ್ಡೆಯ ಕಡೆ ಕೈ ತೋರಿಸಿದಳು.

"ಬನ್ನಿ ದೊಡ್ಡಮ್ಮ, ಒಂದು ತಟಾಂಗು ಹಾಕೋಣ."

ದೊಡ್ಡಮ್ಮ ಅವಳ ಮುಖ ನೋಡಿದಳು. ನಗಲಿಲ್ಲ. ಆ ಗುಡ್ಡೆಯನ್ನು ಕಾಲಿನಿಂದ ಸರಿಮಾಡಿ, "ಬಾ, ಹಾಕೋಣ," ಎಂದು ಕೂತಳು. ಕಾಲು ಚಾಚಿದಳು. ಮಾರನೆಯ ದಿನ ಅದೇ ಹೊತ್ತಿಗೆ ಮಿಷನ್ ಮಾವನೇ ಕೂಗಿದ: "ಏನ್ರಮ್ಮಾ, ಇವತ್ತು ತಟಾಂಗು ಇಲ್ವಾ?"

ಅಲ್ಲಿಂದ ಅವಳ ಬಾಯಿ ಬಿಚ್ಚಿತು. ಬಿಚ್ಚಿದ್ದು ಮತ್ತೆ ಮುಚ್ಚಲಿಲ್ಲ. ಯಜಮಾನ ಹೊಸ ಗಡಿಯಾರ ಕಟ್ಟಿಕೊಂಡು ಬಂದು, ಹೊತ್ತು ಕೇಳದವರಿಗೂ ಹೊತ್ತು ಹೇಳುತ್ತ ತಿರುಗಿದ ದಿನ ಅವಳು ಮೆಲ್ಲಗೆ, "ಉಬ್ಬಣ್ಣ ಬಂದ," ಎಂದಳು. ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಹೆಸರು ಯಜಮಾನನಿಗೆ ಖಾಯಂ ಆಯಿತು. ಯಾರಾದರೂ ಸಣ್ಣದಕ್ಕೆ ಕೂಗಾಡಿದರೆ, "ಗಿಮಟಿ ಸಾಕು ಮಾರಾಯ್ತಿ."

ಎಲ್ಲಕ್ಕಿಂತ ದೊಡ್ಡ ತಮಾಷೆ ತಟಾಂಗಿನದು. ಯಜಮಾನನೂ ಹೊರಗಿನಿಂದ ಬಂದು ಲಾಂಡ್ರಿ ಕೊಂಡವನು. ಎಲ್ಲರೂ ಕೂತಿದ್ದನ್ನು ಕಂಡು ಏನಿದು ಎಂದಾಗ ಮಿಷನ್ ಮಾವ ಮುಖ ಗಂಟಿಕ್ಕಿಕೊಂಡು, "ತಟಾಂಗು ಯಜಮಾನ್ರೇ," ಎಂದ. ಇದು ಇಲ್ಲಿನ ರೂಢಿಯಿರಬೇಕು, ಮುಟ್ಟಿದರೆ ಗಲಾಟೆಯಾದೀತು ಎಂದು ಆತ ಸುಮ್ಮನಾದ. ಆಮೇಲೆ ಫೋನಿನಲ್ಲಿ ಲಾಡ್ಜಿನವರಿಗೆ ಅವನೇ ಹೇಳತೊಡಗಿದ: "ಈಗ ಆಗಲ್ಲ ಸಾರ್, ನಮ್ಮವರು ತಟಾಂಗಲ್ಲಿದ್ದಾರೆ." ಸುಮ್ಮನೆ ದಣಿವು ಎಂದಿದ್ದರೆ ಆತ ಆ ಬಿಡುವನ್ನು ಅವತ್ತೇ ಕಿತ್ತುಕೊಳ್ಳುತ್ತಿದ್ದ. ಕಾಲುನೋವಿಗೆ ಮರ್ಯಾದೆಯಿಲ್ಲದ ಕಡೆ ರೂಢಿಗೆ ಮರ್ಯಾದೆಯಿದೆ. ನಮ್ಮ ಕೆಲಸದ ಮನೆಗಳ ಹಣೆಬರಹ ಇದು.

ವರ್ಷಗಳು ಹೋದವು. ಆ ಲಾಡ್ಜು ಕೈಬದಲಾಗಿ, ಚೌಕಗಳು ಮತ್ತೆ ಬರಿ ಬಿಳಿಯಾದವು. ಕೂಸು ಬೆಳೆದು ಹೈಸ್ಕೂಲಿಗೆ ಹೋಯಿತು. ಚಿಲ್ಲರೆ ಅಕ್ಕ ತಾನು ಈ ಊರಿನವಳೇ ಎಂದುಕೊಂಡು ಬಹಳ ಕಾಲವಾಗಿತ್ತು. ಬಸ್ ನಿಲ್ದಾಣದಲ್ಲಿ ಲೋಟ ಕಂಡಾಗಲೂ ಅವಳಿಗೆ ಆಶ್ಚರ್ಯವಾಗಲಿಲ್ಲ. ಊರಿನ ಮಾತು, ಊರಿನ ಲೋಟ.

ಆಗ ಬಂತು ರೇಡಿಯೋ.

ಬೆಳಗಿನ ಹೊತ್ತು. ಅವಳು ಮಗಳ ಜಡೆ ಹೆಣೆಯುತ್ತಿದ್ದಳು. 'ಲೋಟದ ಮೇಲಿನ ಮಾತು ನಾಲಿಗೆಯ ಮೇಲಿದೆಯೇ' ಎಂಬ ಕಾರ್ಯಕ್ರಮ. ಆ ಹಳೆಯ ಲಾಡ್ಜಿನ ಮ್ಯಾನೇಜರು ಮಾತಾಡುತ್ತಿದ್ದ. ನಿವೃತ್ತಿಯ ಮೇಲೆ ಜನರಿಗೆ ಬರುವ ಆ ಆರಾಮದ ನಗು.

"ಅಯ್ಯೋ, ಅವೆಲ್ಲ ನಾನೂ ನನ್ನ ಭಾವಮೈದನೂ ಒಂದು ಮಧ್ಯಾಹ್ನ ಕೂತು ಹೊಸೆದಿದ್ದು. ಗಿರಾಕಿಗಳಿಗೆ ಮಜಾ ಇರಲಿ ಅಂತ ಕೈಚೌಕದ ಮೇಲೆ ಹಾಕಿಸಿದ್ದೆ, ಈಗ ಯಾರೋ ಲೋಟಕ್ಕೂ ಹತ್ತಿಸಿದ್ದಾರೆ. ಊರಲ್ಲಿ ಒಬ್ಬರೂ ಹಂಗೆ ಮಾತಾಡಲ್ಲ. ಯಾರಾದ್ರೂ ಮಾತಾಡಿದ್ರೆ, ಅವರು ಹೊರಗಿನವರು ಅಂತ ತಿಳ್ಕೊಳ್ಳಿ."

ನಿರೂಪಕನೂ ನಕ್ಕ. ಅವಳ ಕೈ ಜಡೆ ಹಿಡಿದಲ್ಲೇ ಬಿಗಿಯಿತು.

"ಅಮ್ಮಾ, ಎಳೀತಿದ್ದೀಯ," ಎಂದಳು ಮಗಳು. "ಜಡೆ ಬಿಡು, ಹೊತ್ತಾಯ್ತು. ಏನು ಗಿಮಟಿ ಬೆಳಬೆಳಗ್ಗೆ."

ಆ ಮಾತು ಅವಳಿಗೆ ಕಪಾಳಕ್ಕೆ ಬಿದ್ದಂತಾಯಿತು.

ಬಸ್ಸಿನಲ್ಲಿ ನಿಂತುಕೊಂಡು ಅವಳು ಇಷ್ಟು ವರ್ಷದ ನಗುವನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದಳು. ಉಬ್ಬಣ್ಣ ಎಂದಾಗ ದೊಡ್ಡಮ್ಮನ ಕಣ್ಣಲ್ಲಿ ಬಂದ ನೀರು ಯಜಮಾನನ ಮೇಲಿನದೋ, ನನ್ನ ಮೇಲಿನದೋ? ಮಿಷನ್ ಮಾವ ಮುಖ ಗಂಟಿಕ್ಕಿಕೊಂಡು ತಟಾಂಗು ಎಂದದ್ದು ಯಾರನ್ನು ಆಡಿಸುವುದಕ್ಕೆ? ಮೊದಲ ದಿನ ಎದುರಿಗೇ ನಕ್ಕವರು, ಆಮೇಲೆ ನಗುವುದನ್ನು ಬಿಟ್ಟಿರಲಿಲ್ಲ. ಬೆನ್ನ ಹಿಂದೆ ಹೋಗಿ ನಕ್ಕಿದ್ದರು. ನಾನು ಹೇಳಿದ್ದನ್ನೆಲ್ಲ ಗಿಣಿಯ ಹಾಗೆ ತಿರುಗಿ ಹೇಳುತ್ತ, ನಾನೇ ಗಿಣಿಯೆಂದು ಮಜಾ ನೋಡಿದ್ದರು.

ಅವತ್ತು ಅವಳು ಮತ್ತೆ ಹೂಂ, ಊಹೂಂ.

"ಏನೇ, ಮೈ ಹುಷಾರಿಲ್ವಾ?" ದೊಡ್ಡಮ್ಮ ರೋಲರಿನಾಚೆಯಿಂದ ಕೇಳಿದಳು.

"ಏನಿಲ್ಲ."

"ಗಂಡ ಏನಾದ್ರೂ ಅಂದ್ನಾ?"

"ಅವರು ಯಾವತ್ತು ಏನಂದಿದ್ದಾರೆ?"

"ಅದೂ ಸರಿ ಅನ್ನು. ಬಾರೇ, ತಟಾಂಗು."

"ನೀವು ಕೂತ್ಕೊಳ್ಳಿ. ನನಗೆ ಕೆಲಸ ಇದೆ."

ಎಲ್ಲರೂ ಕೂತರು. ಅವಳು ನಿಂತೇ ದಿಂಬಿನ ಕವರು ಮಡಿಚಿದಳು. ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಒತ್ತಿ, ಪಕ್ಕಕ್ಕೆ. ಅಂಚಿಗೆ ಅಂಚು, ಒತ್ತಿ, ಪಕ್ಕಕ್ಕೆ. ಯಾರ ಮುಖವನ್ನೂ ನೋಡಲಿಲ್ಲ.

ಸಂಜೆ ತನ್ನ ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದಳು. ಅಕ್ಕನದು ಟೈಲರ್ ಅಂಗಡಿ. ಗುಂಡಿ ಹಾಕಲು, ಅಂಚು ಹೊಲಿಯಲು ಒಬ್ಬಳು ಬೇಕೆಂದು ಅಕ್ಕ ಹೇಳುತ್ತಲೇ ಇದ್ದಳು. "ನಾನೇ ಬರ್ತೀನಿ," ಎಂದಳು ತಂಗಿ. "ಏನಾಯ್ತೇ?" ಎಂದರೆ, "ಇಲ್ಲಿ ಯಾರೂ ನಮ್ಮವರಲ್ಲ ಕಣೆ," ಎಂದಳು. ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆಯೆತ್ತಿ, "ಅಲ್ಲೂ ಲಿಫ್ಟ್ ಇರುತ್ತೆ," ಎಂದ. ಒಂದು ವಾರದ ಮಾತು ಖರ್ಚಾಯಿತು. ಮಗಳು ಮಾತ್ರ ಬಾಗಿಲು ಹಾಕಿಕೊಂಡು ಅತ್ತಳು.

ಒಂದೆರಡು ದಿನ ಕಳೆಯಿತು. ಲಾಂಡ್ರಿಯ ವ್ಯಾನು ಓಡಿಸುವವನು ಬಾಯಿಬಡುಕ. ರೇಡಿಯೋ ಕಚೇರಿಯ ಪಕ್ಕದ ಲಾಡ್ಜಿಗೆ ಬಟ್ಟೆ ಇಳಿಸುವಾಗ, "ಯಾರ್ ಹೇಳಿದ್ದು ಯಾರೂ ಮಾತಾಡಲ್ಲ ಅಂತ? ನಮ್ಮ ಲಾಂಡ್ರಿಗೆ ಬಂದು ನೋಡಿ," ಎಂದುಬಿಟ್ಟಿದ್ದ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ, ಎಲ್ಲರೂ ಚೀಲಗಳ ಗುಡ್ಡೆಯ ಮೇಲೆ ಕೂತಿದ್ದಾಗ, ಮೈಕು ಹಿಡಿದ ಒಬ್ಬ ಹುಡುಗಿ ಒಳಗೆ ಬಂದಳು. ಯಜಮಾನ ತಲೆ ಬಾಚಿಕೊಂಡು ಹಿಂದೆಯೇ ಬಂದ. ಚಿಲ್ಲರೆ ಅಕ್ಕ ತನ್ನ ಮೇಜಿನ ಹತ್ತಿರ ಬೆನ್ನು ತಿರುಗಿಸಿ ನಿಂತಳು. ಈಗ ಎಲ್ಲ ಹೊರಬೀಳುತ್ತದೆ, ಮೈಕಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ.

"ತಟಾಂಗು ಅನ್ನೋ ಮಾತು ನಿಮಗೆ ಗೊತ್ತಾ ಅಮ್ಮ?" ಹುಡುಗಿ ದೊಡ್ಡಮ್ಮನನ್ನು ಕೇಳಿದಳು.

"ಇದೇನು ಗೊತ್ತಾ ಅಂತೀಯ. ಮತ್ತೆ ನಾವೀಗ ಮಾಡ್ತಿರೋದೇನು?"

"ಹಾಗಾದ್ರೆ ಇದು ಈ ಊರಿನ ಮಾತೇ?"

"ಅಲ್ಲ."

ಚಿಲ್ಲರೆ ಅಕ್ಕನ ಕೈಯಲ್ಲಿದ್ದ ಕವರು ಹಾಗೇ ಉಳಿಯಿತು.

"ನಾನು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು. ನಮ್ಮಲ್ಲಿ ಇದೆಲ್ಲ ಇರಲಿಲ್ಲ," ಎಂದಳು ದೊಡ್ಡಮ್ಮ. "ಇದು ಅವಳ ಊರಿನ ಮಾತು. ಅಗೋ, ಆ ಮೇಜಿನ ಹತ್ರ ನಿಂತಿದ್ದಾಳಲ್ಲ, ನಮ್ಮ ಚಿಲ್ಲರೆ ಅಕ್ಕ. ಅವಳಿಂದ ನಾವು ಕಲಿತಿದ್ದು."

"ಉಬ್ಬಣ್ಣ, ಗಿಮಟಿ ಎಲ್ಲ ಅವಳದ್ದೇ," ಎಂದ ಮಿಷನ್ ಮಾವ. "ಬಸ್‌ಸ್ಟ್ಯಾಂಡಲ್ಲಿ ಲೋಟದ ಮೇಲೆ ನೋಡಿ, ನಮ್ಮಿಂದ ಊರೆಲ್ಲ ಕಲಿತುಬಿಡ್ತಲ್ಲಪ್ಪ ಅಂತ ಮನೇಲಿ ಹೇಳ್ಕೊಂಡಿದ್ದೀನಿ."

ಹುಡುಗಿಗೆ ತಲೆ ಕೆಟ್ಟಿತು. "ಆದ್ರೆ ಇದನ್ನ ಒಬ್ಬ ಲಾಡ್ಜಿನ ಮ್ಯಾನೇಜರ್ ಕಟ್ಟಿದ್ದು. ಅವರೇ ಹೇಳಿದ್ದಾರೆ."

"ಯಾವ ಮ್ಯಾನೇಜರು?" ಎಂದಳು ದೊಡ್ಡಮ್ಮ. "ಇವಳು ಬಂದಿದ್ದು ಯಾವಾಗ, ಲೋಟ ಬಂದಿದ್ದು ಯಾವಾಗ. ಅವನೇ ಇಲ್ಲಿಂದ ಕದ್ದಿರ್ತಾನೆ ಬಿಡು."

ಚಿಲ್ಲರೆ ಅಕ್ಕ ತಿರುಗಿದಳು. ಇಷ್ಟು ದಿನದಲ್ಲಿ ಮೊದಲ ಸಲ ದೊಡ್ಡಮ್ಮನ ಮುಖವನ್ನು ನೇರ ನೋಡಿದಳು.

"ನನ್ನ ಊರಿನದ್ದು ಅಂತ ಯಾರು ಹೇಳಿದ್ರು ನಿಮಗೆ?"

"ಯಾರು ಹೇಳ್ಬೇಕು? ನೀನು ಮಾತಾಡಿದ್ದೇ ಹಂಗೆ."

"ನಾನು ನಿಮ್ಮೂರಿನ ಮಾತು ಅಂದ್ಕೊಂಡು ಆಡಿದ್ದು ದೊಡ್ಡಮ್ಮ. ಆಗ ಚೌಕದ ಮೇಲೆ ಬರೆದಿರ್ತಿತ್ತು. ನಮ್ಮೂರ ನುಡಿ ಅಂತ. ಓದಿ ಓದಿ ಕಲಿತೆ."

"ಯಾವ ಚೌಕ?"

ಅವಳು ಹೇಳಿದಳು. ಬಲೆಚೀಲ, ಅಚ್ಚು, ಒಳಗೆ ಬರುವಂತೆ ಮಡಿಚಿದ್ದು, ಎಲ್ಲ. "ಇಷ್ಟು ವರ್ಷ ನೀವೆಲ್ಲ ನನ್ನನ್ನ ಆಡ್ಕೊಂಡ್ರಿ ಅಂತ..." ಎಂದಳು.

ದೊಡ್ಡಮ್ಮ ಕೈಯೂರಿ ಎದ್ದಳು. ಅವಳು ಏಳುವುದೇ ಒಂದು ಕೆಲಸ. ಮೇಜಿನವರೆಗೆ ಬಂದು ನಿಂತಳು.

"ನಿನ್ನ ಮೊದಲ್ನೇ ದಿನ ನಾನು ನಕ್ಕೆ. ನೆನಪಿದೆಯಾ?"

"ಇದೆ."

"ನನಗೂ ಇದೆ. ನಕ್ಕಿದ್ದು ಒಂದು ಗಳಿಗೆ. ನಿನ್ನ ಬಾಯಿ ಮುಚ್ಚಿಕೊಳ್ತು. ಕೂಸು ಕಟ್ಕೊಂಡು ಬೇರೆ ಊರಿಂದ ಬಂದವಳು, ಅವಳ ಬಾಯಿ ನಾನು ಮುಚ್ಚಿಸಿದೆನಲ್ಲ ಅಂತ ಉಂಡದ್ದು ಹೊಟ್ಟೆಗೆ ಸೇರ್ತಿರಲಿಲ್ಲ ನನಗೆ. ಕೊನೆಗೊಂದು ದಿನ ನೀನೇ ಬಂದು ತಟಾಂಗು ಅಂದೆ. ಏನಂತ ಅರ್ಥವೂ ಆಗಲಿಲ್ಲ. ನೀನು ಚೀಲದ ಗುಡ್ಡೆ ಕಡೆ ಕೈ ತೋರಿಸಿದ್ದಕ್ಕೆ ಕೂತೆ. ಅವತ್ತು ಸಾಯಂಕಾಲ ಇವರಿಗೆಲ್ಲ ಹೇಳ್ದೆ. ಇನ್ಮೇಲೆ ಇವಳು ಏನೇ ಅಂದ್ರೂ ಯಾರೂ ಹಲ್ಲು ಬಿಡಬಾರದು, ನಾವೂ ಹಂಗೇ ಅನ್ನೋದು. ಕೇಳು ಬೇಕಾದ್ರೆ ಮಾವನ್ನ."

"ನನಗೆ ಬೆದರಿಕೆನೇ ಹಾಕಿದ್ಲು," ಎಂದ ಮಿಷನ್ ಮಾವ. "ನಕ್ಕರೆ ರೋಲರಿಗೆ ಕೊಡ್ತೀನಿ ಅಂತ."

ಯಾರೋ ಮೊದಲು ಕಿಸಕ್ಕೆಂದರು. ಆಮೇಲೆ ತಡೆಯುವವರಿಲ್ಲ. ಅವಳು ಇವರದೆಂದು ಆಡಿದ್ದು, ಇವರು ಅವಳದೆಂದು ಆಡಿದ್ದು, ಇಬ್ಬರದೂ ಅಲ್ಲದ್ದನ್ನು ಇಷ್ಟು ವರ್ಷ ಬಾಯ್ತುಂಬ ಆಡಿದ್ದು. ಚಿಲ್ಲರೆ ಅಕ್ಕ ಮಡಿಚಿದ ಕವರಿನಲ್ಲೇ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಎದೆಯ ಮೇಲಿಂದ ಒದ್ದೆ ಹಾಸಿನ ಗಂಟನ್ನು ಯಾರೋ ಎತ್ತಿಕೊಂಡ ಹಾಗಿತ್ತು.

ಬಾಗಿಲಲ್ಲಿದ್ದ ಯಜಮಾನನಿಗೆ ಮಾತ್ರ ಬೇರೆಯೇ ಹೊಳೆಯಿತು. "ಹಾಗಾದ್ರೆ ತಟಾಂಗು ಅಂತ ಇಲ್ಲಿ ಯಾವ ರೂಢಿನೂ ಇಲ್ಲ?"

ದೊಡ್ಡಮ್ಮ ತಿರುಗಿದಳು. "ಮಾತು ಸುಳ್ಳಿರ್ಬಹುದು ಯಜಮಾನ್ರೇ. ಕಾಲುನೋವು ಸುಳ್ಳಾ?" ಮೈಕಿನ ಹುಡುಗಿ ಮೈಕನ್ನು ಯಜಮಾನನ ಬಾಯಿಯ ಹತ್ತಿರ ಹಿಡಿದಳು. ಆ ಹುಡುಗಿಯ ಬಗ್ಗೆ ನನಗೆ ಗೌರವ ಬಂದದ್ದು ಅಲ್ಲಿ. ಯಜಮಾನ ಗಡಿಯಾರ ನೋಡಿಕೊಂಡು, "ಇಲ್ಲ, ಇರಲಿ, ಕೂತ್ಕೊಳ್ಳಿ," ಎಂದು ಹೊರಟ.

"ಕೊನೇ ಪ್ರಶ್ನೆ," ಎಂದಳು ಹುಡುಗಿ. "ಹೌದು ಅಥವಾ ಇಲ್ಲ ಅಂತ ಹೇಳಿ ಅಂದಿದ್ದಾರೆ ನಮ್ಮ ಸಾಹೇಬ್ರು. ಸ್ಥಳೀಯರು ಈ ಮಾತುಗಳನ್ನ ನಿಜವಾಗಲೂ ಆಡ್ತಾರಾ?"

"ನಾವು ಸ್ಥಳೀಯರು ತಾನೇ?" ಎಂದಳು ದೊಡ್ಡಮ್ಮ. "ಆಡ್ತೀವಿ. ಬರ್ಕೋ."

"ಇವರೂ ಸ್ಥಳೀಯರಾ?" ಹುಡುಗಿ ಚಿಲ್ಲರೆ ಅಕ್ಕನ ಕಡೆ ನೋಡಿದಳು.

"ಏನಮ್ಮ ಗಿಮಟಿ ನಿಂದು," ಎಂದ ಮಿಷನ್ ಮಾವ.

ಹುಡುಗಿ ಹೋದ ಮೇಲೆ ತಟಾಂಗು ಮುಗಿಯಬೇಕಿತ್ತು. ಮುಗಿಯಲಿಲ್ಲ. ಚಿಲ್ಲರೆ ಅಕ್ಕ ತನ್ನ ಜಾಗದಲ್ಲಿ ಕೂತು ಕಾಲು ಚಾಚಿದಳು. ದೊಡ್ಡಮ್ಮ ಪಕ್ಕದಲ್ಲಿ.

"ಅಲ್ವೇ, ಅವತ್ತು ಕ್ಲಿಪ್ಪಿಗೆ ಏನೋ ಅಂದೆಯಲ್ಲ. ಅದಾದ್ರೂ ನಿನ್ನ ಊರಿನದ್ದು ತಾನೇ? ಏನದು?"

"ಬೇಡ ಬಿಡಿ ದೊಡ್ಡಮ್ಮ."

"ಹೇಳೇ."

"ಕಚ್ಚುಳಿ."

ದೊಡ್ಡಮ್ಮ ತುಟಿ ಕಚ್ಚಿ ಹಿಡಿದಳು. ಕೆನ್ನೆ ಉಬ್ಬಿತು. ಭುಜ ಕುಣಿಯಿತು. "ತಪ್ಪು ತಿಳೀಬೇಡ ಕಣೆ, ಈಗಲೂ ನಗು ಬರ್ತಿದೆ."

"ನಗಿ," ಎಂದಳು ಚಿಲ್ಲರೆ ಅಕ್ಕ. ತಗಡಿನ ಚಾವಣಿ ಮತ್ತೊಮ್ಮೆ ನಕ್ಕಿತು. ಈ ಸಲ ಅವಳೂ ಅದರೊಳಗಿದ್ದಳು.

ಮನೆಗೆ ಹೋಗುವ ದಾರಿಯಲ್ಲೇ ಅಕ್ಕನಿಗೆ ಫೋನು ಮಾಡಿದಳು. ಗುಂಡಿ ಹಾಕಲು ಬೇರೆ ಯಾರನ್ನಾದರೂ ನೋಡಿಕೋ ಎಂದಳು. ಅಕ್ಕ ಬೈದಳು. ಮಗಳು ಬ್ಯಾಗಿನಲ್ಲಿ ತುರುಕಿಟ್ಟಿದ್ದ ಬಟ್ಟೆಗಳನ್ನು ಮತ್ತೆ ಬೀರುವಿಗೆ ಎಸೆದಳು. ಗಂಡ, "ಸರಿ," ಎಂದ. ಮುಖ ಮಾತ್ರ ಅರಳಿತ್ತು.

ಕಾರ್ಯಕ್ರಮದ ಎರಡನೇ ಭಾಗ ಬಂದದ್ದು ಮುಂದಿನ ವಾರ, ಲಾಂಡ್ರಿಯಲ್ಲಿ ಎಲ್ಲರೂ ದುಡಿಯುವ ಹೊತ್ತಿಗೆ. ಅದನ್ನು ನಾನು ಕೇಳಿದ್ದೇನೆ. ದೊಡ್ಡಮ್ಮನ ಮಾತಿನಲ್ಲಿ ಮೂರು ಪದ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿದ್ದರು. ನಿರೂಪಕ ತೀರ್ಪು ಕೊಟ್ಟ: ಕೆಲವು ಲಾಂಡ್ರಿ ಕೆಲಸಗಾರರು ತಪ್ಪು ತಿಳುವಳಿಕೆಯಿಂದ ಬಳಸುವುದನ್ನು ಬಿಟ್ಟರೆ, ಸ್ಥಳೀಯರು ಈ ಮಾತುಗಳನ್ನು ಆಡುವುದಿಲ್ಲ. ಸ್ವಾಮಿ, ಲಾಂಡ್ರಿಯವರು ಸ್ಥಳೀಯರಲ್ಲದಿದ್ದರೆ ಇನ್ಯಾರು? ನೀವು ಮಲಗುವ ಹಾಸನ್ನು ಇಸ್ತ್ರಿ ಮಾಡಲು ಅವರು ಈ ಊರಿನವರು, ಮಾತಾಡಲು ಮಾತ್ರ ಅಲ್ಲವೇ? ಮಧ್ಯಾಹ್ನದ ಗಾಳಿಗೆ ಕೂತು ಇಬ್ಬರು ಹೊಸೆದರೆ ಅದು ಮೋಜು, ದಣಿದ ಕಾಲುಗಳು ಅದನ್ನೇ ಆಡಿ ಬದುಕಿಸಿದರೆ ಅದು ತಪ್ಪು ತಿಳುವಳಿಕೆ.

ನನ್ನ ಈ ಸಿಟ್ಟನ್ನು ಚಿಲ್ಲರೆ ಅಕ್ಕನ ಎದುರು ತೋಡಿಕೊಂಡೆ. ಅವಳಿಗೆ ಅದು ತಾಗಲೇ ಇಲ್ಲ. ತೀರ್ಪಿನ ಹೊತ್ತಿಗೆ ಲಾಂಡ್ರಿಯ ರೇಡಿಯೋದಲ್ಲೂ ಆ ಕಾರ್ಯಕ್ರಮ ಬರುತ್ತಲೇ ಇತ್ತಂತೆ. ಆದರೆ ಅಷ್ಟರಲ್ಲಿ ಒಂದು ಬಲೆಚೀಲದ ಬಾಯಿ ಬಿಚ್ಚಿಕೊಂಡು, ಯಂತ್ರದ ಮುಂದೆಲ್ಲ ಏಪ್ರನ್ನು ಚೆಲ್ಲಿ, ಮಿಷನ್ ಮಾವ ಗಂಟಲು ಹರಿಯುವ ಹಾಗೆ ಕೂಗತೊಡಗಿದ್ದ.

"ಲೇ ಅಕ್ಕಾ, ಅಲ್ಲಿಂದ ಒಂದು ಕಚ್ಚುಳಿ ಎಸಿ ಬೇಗ."

ಅವಳು ಎಸೆದಳು. ನಿರೂಪಕ ಏನಂದನೆಂದು ಯಾರಿಗೂ ಕೇಳಿಸಲಿಲ್ಲ.